ಡೀಸೆಲ್ ಹೊಗೆ ಸೋಸುವ ಮಣ್ಣು: ಪುಣೆಯಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆಗಳು

ನನ್ನ ಊರು ಬೆಳಗಾವಿ ಜಿಲ್ಲೆಯ ಖಾನಾಪುರ, ಮನೆತನದ ಕಸುಬು ಕುಂಬಾರಿಕೆ. ಇಪ್ಪತ್ತೆರಡು ವರ್ಷದಿಂದ ಪುಣೆಯಲ್ಲಿದ್ದೇನೆ. ಡೀಸೆಲ್ ಎಂಜಿನ್ನಿನ ಹೊಗೆ ಸೋಸುವ ಸೆರಾಮಿಕ್ ಫಿಲ್ಟರ್ ಮಾಡುವುದು, ಒಡೆಯುವುದು, ಯಾಕೆ ಒಡೆಯಿತೆಂದು ಹುಡುಕುವುದು ನನ್ನ ಕೆಲಸ. ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಚಹಾ ಕುಡಿಯುವಾಗ ಲಾರಿ ಚಾಲಕರು, ಕನ್ನಡ ಸಂಘದ ಕಾರ್ಯಕ್ರಮ ಮುಗಿದ ಮೇಲೆ ಪರಿಚಯದವರು, ಬೆಳಗಾವಿ ಹುಬ್ಬಳ್ಳಿಯಿಂದ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಮೊದಲ ಪರಿಚಯ

ಅಣ್ಣಾ, ಡಿಪಿಎಫ್ ಅಂದ್ರ ಏನು? ಸೈಲೆನ್ಸರ್ ಒಳಗಿನ ಜಾಳಿಗೀನ ಏನು?

ಡೀಸೆಲ್ ಪರ್ಟಿಕ್ಯುಲೇಟ್ ಫಿಲ್ಟರ್ ಎಂಬುದರ ಚಿಕ್ಕ ಹೆಸರು ಅದು. ಜಾಳಿಗೆಯಲ್ಲ, ಸುಟ್ಟ ಮಣ್ಣಿನ ಒಂದು ದುಂಡು ದಿಮ್ಮಿ. ಮುಖದ ಕಡೆಯಿಂದ ನೋಡಿದರೆ ಜೇನುಹುಟ್ಟಿನ ಹಾಗೆ ತುಂಬ ಚೌಕ ಕೊಳವೆಗಳು ಕಾಣುತ್ತವೆ, ಒಂದು ಚದರ ಇಂಚಿನಲ್ಲಿ 200ರಿಂದ 300. ಒಂದು ಕೊಳವೆ ಮುಂದೆ ತೆರೆದಿದ್ದರೆ ಹಿಂದೆ ಮುಚ್ಚಿರುತ್ತದೆ. ಅದರ ಪಕ್ಕದ್ದು ಮುಂದೆ ಮುಚ್ಚಿ ಹಿಂದೆ ತೆರೆದಿರುತ್ತದೆ. ಹೀಗಾಗಿ ಒಳಗೆ ಹೊಕ್ಕ ಹೊಗೆಗೆ ನೇರ ದಾರಿಯಿಲ್ಲ, ಸುಮಾರು 0.3 ಮಿಲಿಮೀಟರ್ ದಪ್ಪದ ಗೋಡೆಯನ್ನು ತೂರಿ ಪಕ್ಕದ ಕೊಳವೆಗೆ ದಾಟಲೇಬೇಕು. ದಾಟುವಾಗ ಮಸಿ ಗೋಡೆಯ ಮೇಲೆ ಉಳಿಯುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಹೊಸ ಹರವಿಯ ಮೈಯಿಂದ ನೀರು ಜಿನುಗುವುದನ್ನು ನೋಡಿದವರಿಗೆ ಮಣ್ಣಿನ ಗೋಡೆ ಸೋಸುತ್ತದೆ ಎಂಬುದು ಹೊಸ ಸಂಗತಿಯಲ್ಲ.

ಈಗಿನ ಗಾಡಿಗಳಲ್ಲಿ ಹೊಗೆಯೇ ಕಾಣಿಸುವುದಿಲ್ಲವಲ್ಲ, ಇನ್ನು ಸೋಸುವುದೇನು?

ಕಣ್ಣಿಗೆ ಕಾಣುವ ಕಪ್ಪು ಹೊಗೆಗಿಂತ ಕಾಣದ್ದೇ ಹೆಚ್ಚು ಅಪಾಯದ್ದು. ಡೀಸೆಲ್ ಮಸಿಯ ಮೂಲ ಕಣ 20-30 ನ್ಯಾನೋಮೀಟರಿನಷ್ಟು ಸಣ್ಣದು. ಅಂಥವು ಹತ್ತಾರು ಸೇರಿ ದ್ರಾಕ್ಷಿ ಗೊಂಚಲಿನಂತೆ 100 ನ್ಯಾನೋಮೀಟರಿನ ಆಸುಪಾಸಿನ ಗುಚ್ಛಗಳಾಗುತ್ತವೆ. ಮೂಗಿನ ಕೂದಲಿಗೂ ಗಂಟಲಿನ ಕಫಕ್ಕೂ ಸಿಗದೆ ಅವು ಶ್ವಾಸಕೋಶದ ತುದಿಯ ಗಾಳಿಚೀಲದ ತನಕ ಹೋಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಸ್ವಾರಗೇಟ್ ಬಸ್ ನಿಲ್ದಾಣದ ಎದುರು ಇಡೀ ದಿನ ಹೂವು ಮಾರುವವರನ್ನು ನೆನೆದಾಗಲೆಲ್ಲ ಈ ಕೆಲಸ ಬೇಗ ಆಗಬೇಕಿತ್ತು ಅನಿಸುತ್ತದೆ.

ಸರ್, ಗೋಡೆಯ ರಂಧ್ರ 15 ಮೈಕ್ರಾನ್, ಮಸಿ 0.1 ಮೈಕ್ರಾನ್. ರಂಧ್ರವೇ ನೂರೈವತ್ತು ಪಟ್ಟು ದೊಡ್ಡದಿದ್ದರೆ ಮಸಿ ಸಿಕ್ಕಿಬೀಳುವುದು ಹೇಗೆ?

ಕೇಳಬೇಕಾದ ಪ್ರಶ್ನೆ. ಮೈಕ್ರಾನ್ ಅಂದರೆ ಸಾವಿರ ನ್ಯಾನೋಮೀಟರ್, ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಇದು ಹಿಟ್ಟಿನ ಸಾಣಿಗೆಯಂತೆ ಕೆಲಸ ಮಾಡುವುದಿಲ್ಲ. ಇಷ್ಟು ಸಣ್ಣ ಕಣ ಗಾಳಿಯ ಅಣುಗಳ ಪೆಟ್ಟು ತಿಂದು ದಿಕ್ಕುದೆಸೆಯಿಲ್ಲದೆ ನಡುಗುತ್ತಲೇ ಇರುತ್ತದೆ. ಗೋಡೆಯೊಳಗಿನ ಸೊಟ್ಟ ದಾರಿಯಲ್ಲಿ ಸಾಗುವಾಗ ಎಲ್ಲಾದರೊಂದು ಕಡೆ ಮಣ್ಣಿಗೆ ತಾಗುತ್ತದೆ. ತಾಗಿದರೆ ಅಂಟಿತೆಂದೇ ಲೆಕ್ಕ. ಅಂಟಿದ ಮಸಿಯ ಮೇಲೆ ಇನ್ನಷ್ಟು ಮಸಿ ಕೂಡುತ್ತ ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ತೆಳು ಪದರ ಕಟ್ಟುತ್ತದೆ. ಅಲ್ಲಿಂದ ಮುಂದೆ ಮಸಿಯನ್ನು ಸೋಸುವುದು ಬಹುಮಟ್ಟಿಗೆ ಮಸಿಯೇ. ಹೀಗಾಗಿ ಹೊಚ್ಚಹೊಸ ಫಿಲ್ಟರಿಗಿಂತ ಸ್ವಲ್ಪ ಓಡಿದ ಫಿಲ್ಟರ್ ಚೆನ್ನಾಗಿ ಸೋಸುತ್ತದೆ. ಸರಿಯಾಗಿ ಮಾಡಿದ ಫಿಲ್ಟರ್ ಕಣಗಳ ಎಣಿಕೆಯಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಹಿಡಿಯುತ್ತದೆ, ಪದರ ಕಟ್ಟಿದ ಮೇಲೆ ತೊಂಬತ್ತೊಂಬತ್ತನ್ನೂ ದಾಟುತ್ತದೆ.

ಉಕ್ಕಿನದು ಮಾಡಿದ್ರ ಒಡೆಯೋ ಚಿಂತೀನ ಇಲ್ಲ. ಮಣ್ಣ ಯಾಕ ಬೇಕು?

ಲೋಹದ ಫಿಲ್ಟರ್‌ಗಳೂ ಇವೆ, ಕೆಲವು ಕಡೆ ಬಳಕೆಯಲ್ಲೂ ಇವೆ. ಆದರೆ 15 ಸೆಂಟಿಮೀಟರ್ ಉದ್ದದ ತುಂಡನ್ನು 500 ಡಿಗ್ರಿಯಷ್ಟು ಬಿಸಿ ಮಾಡಿ ನೋಡಿ. ಉಕ್ಕು ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ, ನಮ್ಮ ಫಿಲ್ಟರಿನ ಕಾರ್ಡಿಯರೈಟ್ ಎಂಬ ಸೆರಾಮಿಕ್ 0.08ನ್ನೂ ಮುಟ್ಟುವುದಿಲ್ಲ. ಒಳಗೆ ಕೆಂಡ, ಹೊರಗೆ ತಂಪು ಇರುವ ವಸ್ತುವಿಗೆ ಈ ವ್ಯತ್ಯಾಸವೇ ಆಯುಷ್ಯ. ಇನ್ನು ಗೋಡೆಯ ಅರ್ಧಭಾಗ ಖಾಲಿ ಇರಬೇಕು, ಖಾಲಿ ಜಾಗಗಳೆಲ್ಲ ಒಂದಕ್ಕೊಂದು ಕೂಡಿರಬೇಕು, ಸಾವಿರ ಡಿಗ್ರಿಯ ಹತ್ತಿರ ತುಕ್ಕು ಹಿಡಿಯಬಾರದು, ಬೆಲೆಯೂ ಕೈಗೆಟುಕಬೇಕು. ಇಷ್ಟನ್ನೂ ಒಟ್ಟಿಗೆ ಕೊಡುವುದು ಸೆರಾಮಿಕ್.

ಇಷ್ಟು ಒಳ್ಳೆಯದಾಗಿದ್ದರೆ ನಮ್ಮಲ್ಲಿ 2020ರ ತನಕ ಯಾಕೆ ಹಾಕಲಿಲ್ಲ?

ಕಾನೂನು ಕೇಳಿರಲಿಲ್ಲ, ಡೀಸೆಲ್ಲೂ ತಯಾರಿರಲಿಲ್ಲ. ವಾಹನದ ಹೊಗೆಗೆ ನಮ್ಮ ದೇಶ ಹಾಕಿದ ಮಿತಿಗಳಿಗೆ ಭಾರತ್ ಸ್ಟೇಜ್, ಚಿಕ್ಕದಾಗಿ ಬಿಎಸ್ ಎನ್ನುತ್ತಾರೆ. ಬಿಎಸ್-4 ಕಾಲದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿ ಬಿಡಬಹುದಿತ್ತು. 2020ರ ಏಪ್ರಿಲ್ 1ರಂದು ದೇಶ ಬಿಎಸ್-5ನ್ನು ಹಾರಿ ನೇರ ಬಿಎಸ್-6ಕ್ಕೆ ಬಂದಾಗ ಮಿತಿ 4.5 ಮಿಲಿಗ್ರಾಂಗೆ ಇಳಿಯಿತು. ಜೊತೆಗೆ ಕಣಗಳನ್ನು ಎಣಿಸುವ ಮಿತಿಯೂ ಬಂತು: ಕಿಲೋಮೀಟರಿಗೆ 60,000 ಕೋಟಿ ಕಣ. ಕೇಳಲು ದೊಡ್ಡ ಸಂಖ್ಯೆ, ಆದರೆ ಫಿಲ್ಟರ್ ಇಲ್ಲದೆ ಅದರೊಳಗೆ ಬರುವುದು ಆಗದ ಮಾತು. ಅದೇ ಹೊತ್ತಿಗೆ ಡೀಸೆಲ್‌ನ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಗಂಧಕ ಹೆಚ್ಚಿದ್ದರೆ ಫಿಲ್ಟರಿನ ಮುಂದೆ ಕೂಡುವ ಪ್ಲಾಟಿನಂ ವೇಗವರ್ಧಕ (ಕ್ಯಾಟಲಿಸ್ಟ್) ಕೆಡುತ್ತದೆ, ಸಲ್ಫೇಟ್ ಎಂಬ ಬೇರೆ ಕಣವೂ ಹುಟ್ಟುತ್ತದೆ. ಯುರೋಪಿನಲ್ಲಿ ಪ್ಯೂಜೋ 607 ಕಾರು 2000ದಲ್ಲೇ ಸಿಲಿಕಾನ್ ಕಾರ್ಬೈಡ್ ಎಂಬ ಇನ್ನೊಂದು ಸೆರಾಮಿಕ್‌ನ ಫಿಲ್ಟರ್ ಹೊತ್ತು ಬಂದಿತ್ತು. ನಾವು ಇಪ್ಪತ್ತು ವರ್ಷ ತಡಮಾಡಿದೆವು.

## ಗಾಡಿ ಓಡಿಸುವವರು ಕೇಳುವುದು

ಚಿಂಚವಾಡದಿಂದ ಹಿಂಜವಡಿಗೆ ದಿನಾ ಹೋಗಿ ಬರ್ತೀನಿ. ತಿಂಗಳಿಗೊಮ್ಮೆ ಡಿಪಿಎಫ್ ದೀಪ ಹತ್ತುತ್ತೆ. ಗಾಡಿ ಕೆಟ್ಟಿದೆಯಾ?

ಗಾಡಿ ಕೆಟ್ಟಿಲ್ಲ, ಅದಕ್ಕೆ ಓಟ ಸಾಲುತ್ತಿಲ್ಲ. ಹಿಡಿದ ಮಸಿಯನ್ನು ಫಿಲ್ಟರ್ ಆಗಾಗ ಸುಟ್ಟುಕೊಳ್ಳಬೇಕು, ಇದಕ್ಕೆ ರೀಜನರೇಶನ್ ಎನ್ನುತ್ತಾರೆ. ಮಸಿ ಸುಡುವುದಕ್ಕೆ ಎರಡು ದಾರಿ. ಹೊಗೆಯಲ್ಲೇ ಇರುವ ನೈಟ್ರೋಜನ್ ಡೈಆಕ್ಸೈಡ್ 250ರಿಂದ 400 ಡಿಗ್ರಿಯಲ್ಲಿ ಮೆಲ್ಲಗೆ ಸುಡುತ್ತದೆ. ಆಮ್ಲಜನಕದಿಂದ ಬೇಗ ಸುಡಬೇಕೆಂದರೆ 600 ಡಿಗ್ರಿಯ ಆಸುಪಾಸು ಬೇಕು, ಅದಕ್ಕಾಗಿ ಎಂಜಿನ್ ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಚಿಮ್ಮಿಸಿ ಹೊಗೆಯನ್ನು ಕಾಯಿಸುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಗಾಡಿಯಲ್ಲಿ ಎರಡೂ ನಡೆಯುವುದಿಲ್ಲ. ದೀಪ ಹತ್ತಿದರೆ ಎಕ್ಸ್‌ಪ್ರೆಸ್‌ವೇ ಕಡೆಗೋ ಸಾತಾರಾ ರಸ್ತೆಗೋ ತಿರುಗಿಸಿ, ಇಪ್ಪತ್ತು ಇಪ್ಪತ್ತೈದು ನಿಮಿಷ ಒಂದೇ ವೇಗದಲ್ಲಿ, ಒಂದು ಗೇರ್ ಕೆಳಗಿಟ್ಟು ಓಡಿಸಿ. ಗಾಡಿಯ ಕೈಪಿಡಿಯಲ್ಲಿ ಬರೆದ ವೇಗವನ್ನೇ ನಂಬಿ.

ರೀಜನ್ ನಡದಾಗ ಗಾಡಿ ಬಂದ್ ಮಾಡಿದ್ರ ಏನಾಗ್ತದ?

ಒಮ್ಮೆ ಮಾಡಿದರೆ ಏನೂ ಆಗುವುದಿಲ್ಲ, ಮುಂದಿನ ಓಟದಲ್ಲಿ ಮತ್ತೆ ಶುರುವಾಗುತ್ತದೆ. ಪದೇ ಪದೇ ನಿಲ್ಲಿಸಿದರೆ ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ಎತ್ತಿ ನೋಡಿ, ಆಯಿಲ್ ಕಡಿಮೆಯಾಗುವ ಬದಲು ಏರಿದ್ದರೆ ಅದೇ ಗುರುತು. ಅಂಥ ಆಯಿಲ್ ಬದಲಿಸಲೇಬೇಕು.

ಗ್ಯಾರೇಜಿನವ್ರು ಒಳಗಿಂದು ಒಡದ ತಗದ ಬಿಡೂಣು, ಪಿಕಪ್ ಏರ್ತದ ಅಂತಾರ. ತಗಸ್ಲ್ಯಾ?

ಬೇಡ ತಮ್ಮಾ. ಗಾಡಿಯ ಮೂಲ ರಚನೆ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ. ಆದರೆ ನನ್ನ ಕಾರಣ ಕಾನೂನಿನದಲ್ಲ. ಫಿಲ್ಟರ್ ಕಟ್ಟಿಕೊಳ್ಳುವುದು ರೋಗದ ಲಕ್ಷಣ. ಇಂಜೆಕ್ಟರ್ ಸೋರುತ್ತಿರಬಹುದು, ಟರ್ಬೋ ಆಯಿಲ್ ಕುಡಿಯುತ್ತಿರಬಹುದು, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ಸಿಕ್ಕಿಕೊಂಡಿರಬಹುದು. ಫಿಲ್ಟರ್ ಒಡೆದು ತೆಗೆದರೆ ಲಕ್ಷಣ ಮುಚ್ಚಿಹೋಗುತ್ತದೆ, ರೋಗ ಉಳಿಯುತ್ತದೆ. ಆ ಮಸಿ ಎಲ್ಲಿ ಹೋಗುತ್ತದೆಂದೂ ಯೋಚಿಸು. ನಿನ್ನ ಹಿಂದೆ ಬೈಕಿನ ಮೇಲೆ ಮಗುವನ್ನು ಕೂರಿಸಿಕೊಂಡು ಬರುವವರ ಎದೆಗೆ ಹೋಗುತ್ತದೆ.

ಆಯಿಲ್ ಯಾವುದಾದರೇನು, ಗ್ರೇಡ್ ಒಂದೇ ಇದ್ದರೆ ಸಾಕಲ್ಲ?

ಸಾಲದು. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಬೂದಿ ಬರುವುದು ಹೆಚ್ಚಾಗಿ ಎಂಜಿನ್ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು, ರಂಜಕದ ಸೇರ್ಪಡೆಗಳಿಂದ. ಅದು ಕೊಳವೆಯ ಹಿಂದಿನ ತುದಿಯಲ್ಲಿ ಕೂಡುತ್ತ ಸೋಸುವ ಜಾಗವನ್ನೇ ತಿನ್ನುತ್ತದೆ. ಇದಕ್ಕೆಂದೇ ಕಡಿಮೆ ಬೂದಿಯ ಆಯಿಲ್‌ಗಳು ಬಂದಿವೆ: ಲಾರಿಗಳಿಗೆ ಸಿಜೆ-4, ಸಿಕೆ-4, ಹಲವು ಕಾರುಗಳಿಗೆ ಸಿ3. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ 15ಡಬ್ಲ್ಯು-40, 5ಡಬ್ಲ್ಯು-30 ದಪ್ಪ ತೆಳುವಿನ ಅಳತೆ ಮಾತ್ರ. ಬೂದಿಯ ವಿಷಯ ಸಣ್ಣಕ್ಷರದಲ್ಲಿರುತ್ತದೆ, ಅದನ್ನು ಓದಿ ಕೊಳ್ಳಿ.

ಪ್ರೆಶರ್ ಪಂಪಿನ ನೀರು ಹೊಡೆದು ತೊಳೆದರೆ ನಡೆಯುತ್ತಾ?

ಸರ್ವೀಸ್ ಸ್ಟೇಷನ್ನಿನ ಪಂಪಿನಿಂದ ಬೇಡ. ರಭಸಕ್ಕೆ ಮುಖದ ಮುಚ್ಚಳಗಳು ಕಿತ್ತುಬರುತ್ತವೆ, ಬೂದಿ ಒದ್ದೆಯಾಗಿ ಗಾರೆಯಂತೆ ಕೂರುತ್ತದೆ. ಹಿಂದಿನಿಂದ ಒಣಗಾಳಿ ಬಿಟ್ಟು ಬೂದಿ ಕೊಡವುವ, ಒಲೆಯಲ್ಲಿ ಮೆಲ್ಲಗೆ ಕಾಯಿಸಿ ಉಳಿದ ಮಸಿ ಸುಡುವ ಯಂತ್ರ ಇರುವವರ ಹತ್ತಿರ ಕೊಡಿ. ಕೊಡುವ ಮೊದಲೂ ತಂದ ಮೇಲೂ ತೂಕ ಹಾಕಿಸಿ. ತೂಕ ಇಳಿದಿಲ್ಲವಾದರೆ ಬೂದಿ ಒಳಗೇ ಇದೆ.

## ಮಣ್ಣು, ಅಚ್ಚು, ಆವಿಗೆ

ಕಾರ್ಡಿಯರೈಟ್ ಎನ್ನುವುದು ಯಾವ ಮಣ್ಣು? ಎಲ್ಲಿ ಸಿಗುತ್ತದೆ?

ಅದು ಅಗೆದು ತರುವ ಮಣ್ಣಲ್ಲ, ಆವಿಗೆಯಲ್ಲಿ ಹುಟ್ಟುವ ಹರಳು. ನಿಸರ್ಗದಲ್ಲೂ ಇದೆ, ಅದರ ನೀಲಿ ಹರಳನ್ನು ಅಯೋಲೈಟ್ ಎಂದು ಉಂಗುರಕ್ಕೆ ಕೂರಿಸುತ್ತಾರೆ. ಫ್ರೆಂಚ್ ಭೂವಿಜ್ಞಾನಿ ಲೂಯಿ ಕಾರ್ಡಿಯೆ ಅವರ ಹೆಸರು ಅದಕ್ಕೆ ಬಂದಿದೆ. ಕಾರ್ಖಾನೆಯಲ್ಲಿ ಬಳಪದ ಕಲ್ಲಿನ ಪುಡಿ ಅಂದರೆ ಟಾಲ್ಕ್, ಕಯೋಲಿನ್ ಬಿಳಿಮಣ್ಣು, ಅಲ್ಯೂಮಿನಾ ಬೆರೆಸಿ 1400 ಡಿಗ್ರಿಯ ಆಸುಪಾಸಿನಲ್ಲಿ ಸುಡುತ್ತೇವೆ. ಮೂರೂ ಕೂಡಿ ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕದ ಹೊಸ ಹರಳಾಗುತ್ತದೆ. 1460ರ ಹತ್ತಿರ ಅದೇ ಕರಗಲು ತೊಡಗುತ್ತದೆ. ಹೀಗೆ ಹರಳು ಪೂರ್ತಿ ಬೆಳೆಯುವ ಬಿಸಿಗೂ ಕೆಡುವ ಬಿಸಿಗೂ ನಡುವೆ ಇರುವ ಸಂದು ತೀರ ಕಿರಿದು.

ಈ ಹರಳಿನ ಒಂದು ಗುಣ ನನಗೆ ಇವತ್ತಿಗೂ ಬೆರಗು. ಕಾಯಿಸಿದರೆ ಅದು ಎರಡು ದಿಕ್ಕಿನಲ್ಲಿ ಹಿಗ್ಗಿ ಮೂರನೆಯ ದಿಕ್ಕಿನಲ್ಲಿ ಕುಗ್ಗುತ್ತದೆ. ಕಯೋಲಿನ್ನಿನ ಕಣ ಚಪ್ಪಟೆ ಬಿಲ್ಲೆ. ಅಚ್ಚಿನ ಸೀಳಿನಲ್ಲಿ ನುಗ್ಗುವಾಗ ಬಿಲ್ಲೆಗಳು ಗೋಡೆಗೆ ಒರಗಿ ಸಾಲಾಗಿ ಮಲಗುತ್ತವೆ. ಸುಟ್ಟಾಗ ಹುಟ್ಟುವ ಹರಳುಗಳೂ ಆ ಸಾಲನ್ನೇ ಹಿಡಿಯುತ್ತವೆ. ಕುಗ್ಗುವ ದಿಕ್ಕು ಗೋಡೆಯ ಉದ್ದಕ್ಕೆ ಬಂದು, ಒಟ್ಟು ಹಿಗ್ಗು ಬಹುತೇಕ ಇಲ್ಲವಾಗುತ್ತದೆ. ಅಮೆರಿಕದ ಕಾರ್ನಿಂಗ್ ಕಂಪನಿಯ ರಾಡ್ನಿ ಬ್ಯಾಗ್ಲಿ, ಇರ್ವಿನ್ ಲಾಕ್‌ಮನ್, ರೊನಾಲ್ಡ್ ಲೂಯಿಸ್ 1970ರ ದಶಕದ ಮೊದಲಲ್ಲಿ ಪೆಟ್ರೋಲ್ ಕಾರಿನ ವೇಗವರ್ಧಕಕ್ಕಾಗಿ ಈ ಜೇನುಹುಟ್ಟನ್ನು ಸಾಧಿಸಿದರು. ಡೀಸೆಲ್ ಫಿಲ್ಟರ್ ಅದರಿಂದಲೇ ಬೆಳೆದದ್ದು.

ಇಷ್ಟು ತೆಳುಗೋಡೆಯ ಸಾವಿರಾರು ಕೊಳವೆಗಳನ್ನು ಕೊರೆಯುತ್ತೀರಾ?

ಕೊರೆಯುವುದಿಲ್ಲ, ಒತ್ತುತ್ತೇವೆ. ಶಾವಿಗೆ ಒರಳು ನೆನಪಿಸಿಕೊಳ್ಳಿ. ಮಣ್ಣಿನ ಪುಡಿಗೆ ನೀರು, ಮೀಥೈಲ್ ಸೆಲ್ಯುಲೋಸ್ ಎಂಬ ಅಂಟು, ಜಾರಲು ಸ್ವಲ್ಪ ಎಣ್ಣೆ, ರಂಧ್ರಕ್ಕಾಗಿ ಗಂಜಿಪುಡಿ ಅಥವಾ ಗ್ರಾಫೈಟ್ ಹಾಕಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದುತ್ತೇವೆ. ಉಕ್ಕಿನ ಅಚ್ಚಿನ ಹಿಂಬದಿಯಲ್ಲಿ ದುಂಡು ತೂತುಗಳು, ಮುಂಬದಿಯಲ್ಲಿ ಅಡ್ಡಉದ್ದ ಸೀಳುಗಳು. ತೂತಿನಿಂದ ಬಂದ ಹಿಟ್ಟು ಸೀಳಿನಲ್ಲಿ ಹರಡಿ, ಅಕ್ಕಪಕ್ಕದ ಹಿಟ್ಟಿನೊಡನೆ ಬೆಸೆದುಕೊಂಡು, ಒಂದೇ ಒತ್ತಿನಲ್ಲಿ ಇಡೀ ಜೇನುಹುಟ್ಟಾಗಿ ಹೊರಬರುತ್ತದೆ. ಆಮೇಲೆ ಒಣಗಿಸುವುದು, ಕತ್ತರಿಸುವುದು, ಒಂದು ಬಿಟ್ಟೊಂದು ಕೊಳವೆಗೆ ಮುಚ್ಚಳ ಹಾಕುವುದು, ಸುಡುವುದು.

ಕಷ್ಟವಿರುವುದು ಒಣಗಿಸುವುದರಲ್ಲಿ, ಮತ್ತು ಸುಡುವಾಗಿನ ಮೊದಲ 400 ಡಿಗ್ರಿಯಲ್ಲಿ. ಬಿಸಿಗಾಳಿಯಲ್ಲಿ ಒಣಗಿಸಿದರೆ ಹೊರಗಿನ ಸಿಪ್ಪೆ ಮೊದಲು ಒಣಗಿ ಕುಗ್ಗುತ್ತದೆ, ಒಳಗು ಇನ್ನೂ ಹಸಿ. ಸಿಪ್ಪೆ ಸೀಳುತ್ತದೆ. ಅದಕ್ಕೇ ಒಳಹೊರಗು ಒಟ್ಟಿಗೆ ಕಾಯುವಂತೆ ಮೈಕ್ರೋವೇವ್ ಬೇಕು. ನನ್ನ ಮೊದಲ ಕೆಲಸದ ಎರಡನೆಯ ವರ್ಷ ಒಂದು ರಾತ್ರಿ ಪಾಳಿಯಲ್ಲಿ ಆವಿಗೆಯ ಏರಿಕೆಯನ್ನು ಸ್ವಲ್ಪ ಚುರುಕು ಮಾಡಲು ಮೇಲಿನಿಂದ ಹೇಳಿಕೆ ಬಂತು, ನಾನು ಒಪ್ಪಿದೆ. 200ರಿಂದ 400 ಡಿಗ್ರಿಯ ನಡುವೆ ಅಂಟೂ ಗಂಜಿಯೂ ತಾವೇ ಹೊತ್ತಿ ಉರಿಯುತ್ತವೆ, ತುಂಡಿನ ನಡುಭಾಗ ಹೊರಗಿಗಿಂತ ಬಿಸಿಯಾಗುತ್ತದೆ. ಬೆಳಿಗ್ಗೆ ಬಾಗಿಲು ತೆರೆದಾಗ ಪ್ರತಿಯೊಂದು ತುಂಡೂ ನಡುವಿನಲ್ಲಿ ಸೀಳಿ ನಿಂತಿತ್ತು. ಅಜ್ಜ ಆವಿಗೆಗೆ ಮೊದಲ ಜಾವದಲ್ಲಿ ಬರೀ ಹೊಗೆ ಹಾಕಿ, ಉರಿ ಹಾಕದೆ ಕೂರುತ್ತಿದ್ದದ್ದು ಯಾಕೆಂದು ಆ ದಿನ ನನಗೆ ತಿಳಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆವಿಗೆಗೂ ನಿಮಿಷವೇ ಸಾಕು.

ಸಿಲಿಕಾನ್ ಕಾರ್ಬೈಡ್ ಎರಡು ಸಾವಿರ ಡಿಗ್ರಿಗೂ ಜಗ್ಗುವುದಿಲ್ಲ ಅಂತೀರಿ. ಎಲ್ಲದಕ್ಕೂ ಅದನ್ನೇ ಹಾಕಬಾರದೇಕೆ?

ಬಿಸಿ ತಾಳುವುದು ಒಂದು ಗುಣ, ಬಿಸಿಯ ಏರಿಳಿತ ತಾಳುವುದು ಇನ್ನೊಂದು. ಸಿಲಿಕಾನ್ ಕಾರ್ಬೈಡ್ ಕಾರ್ಡಿಯರೈಟಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹಿಗ್ಗುತ್ತದೆ. ಒಂದೇ ದೊಡ್ಡ ದಿಮ್ಮಿ ಮಾಡಿದರೆ ಸೀಳುತ್ತದೆ. ಅದಕ್ಕಾಗಿ ಸುಮಾರು 35 ಮಿಲಿಮೀಟರ್ ಅಗಲದ ಚೌಕ ತುಂಡುಗಳನ್ನು ಮಾಡಿ, ಸ್ವಲ್ಪ ಬಾಗುವ ಸಿಮೆಂಟಿನಿಂದ ಅಂಟಿಸಿ, ಹೊರಮೈಯನ್ನು ದುಂಡಗೆ ತಿದ್ದುತ್ತಾರೆ. ಅಪ್ಪಟ ರೂಪದಲ್ಲಿ ಅದನ್ನು ಬೆಸೆಯಲು ಆರ್ಗಾನ್ ಅನಿಲದಲ್ಲಿ 2000 ಡಿಗ್ರಿ ದಾಟಿಸಬೇಕು. ಇದೆಲ್ಲ ದುಬಾರಿ. ಪ್ರತಿಯಾಗಿ ಸಿಗುವುದೂ ಇದೆ: ಬಿಸಿಯನ್ನು ಬೇಗ ಹರಡುತ್ತದೆ, ತೂಕ ಹೆಚ್ಚಿರುವುದರಿಂದ ಹೆಚ್ಚು ಬಿಸಿ ಹೀರುತ್ತದೆ, ಹೀಗಾಗಿ ಲೀಟರಿಗೆ ಹೆಚ್ಚು ಮಸಿ ತುಂಬಿಸಿಕೊಂಡೂ ಸುರಕ್ಷಿತವಾಗಿ ಸುಡಬಲ್ಲದು. ಸಣ್ಣ ಜಾಗದಲ್ಲಿ ಕೂರಬೇಕಾದ, ಊರೊಳಗೇ ತೆವಳುವ ಕಾರಿಗೆ ಅದು ಒಪ್ಪುತ್ತದೆ. ಹೆದ್ದಾರಿಯಲ್ಲಿ ತಾಸುಗಟ್ಟಲೆ ಓಡುತ್ತ ಮೆಲ್ಲಗೆ ಮಸಿ ಸುಟ್ಟುಕೊಳ್ಳುವ ಲಾರಿಗೆ ಕಾರ್ಡಿಯರೈಟ್ ಸಾಕು. ಪುಣೆ-ಬೆಂಗಳೂರು ಲಾರಿಗೆ ನನ್ನನ್ನು ಕೇಳಿದರೆ ಕಾರ್ಡಿಯರೈಟನ್ನೇ ಆರಿಸುತ್ತೇನೆ.

ಬಿರುಕು ಇದ್ದರೆ ಒಳ್ಳೆಯದು ಎಂದು ನೀವು ಪಾಠದಲ್ಲಿ ಹೇಳಿದಿರಿ. ತಪ್ಪಿ ಹೇಳಿದಿರಾ?

ಇಲ್ಲ, ಬೇಕೆಂದೇ ಹೇಳಿದ್ದು. ಅಲ್ಯೂಮಿನಿಯಂ ಟೈಟನೇಟ್ ಎಂಬ ಹರಳು ಕಾದಾಗ ಒಂದು ದಿಕ್ಕಿನಲ್ಲಿ ಕುಗ್ಗಿ, ಉಳಿದೆರಡರಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಚೆನ್ನಾಗಿ ಹಿಗ್ಗುತ್ತದೆ. ಸುಟ್ಟು ತಣಿಸುವಾಗ ಅಕ್ಕಪಕ್ಕದ ಹರಳುಗಳು ಒಂದನ್ನೊಂದು ಎಳೆದಾಡಿ ಗೋಡೆಯ ತುಂಬ ಕಣ್ಣಿಗೆ ಕಾಣದ ಕೂದಲೆಳೆ ಬಿರುಕುಗಳು ಬೀಳುತ್ತವೆ. ಮತ್ತೆ ಕಾಯಿಸಿದಾಗ ಹರಳುಗಳು ಹಿಗ್ಗುವುದು ಆ ಬಿರುಕಿನೊಳಕ್ಕೇ. ಹೊರಗಿನ ಅಳತೆ ಬದಲಾಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಬೇಸಿಗೆಗೆ ಹಿಗ್ಗಲೆಂದು ರೈಲು ಹಳಿಗಳ ನಡುವೆ ಹಿಂದೆ ಸಂದು ಬಿಡುತ್ತಿದ್ದರಲ್ಲ, ಹಾಗೆ.

ಬೆಲೆ ಇದಕ್ಕೂ ಇದೆ. ಬಿರುಕಿನ ಗೋಡೆ ಮೆದು, ಡಬ್ಬಿಯೊಳಗೆ ಕೂರಿಸುವಾಗ ಸುತ್ತುವ ನಾರಿನ ಚಾಪೆಯ ಒತ್ತಡವನ್ನು ಎಚ್ಚರದಿಂದ ಲೆಕ್ಕ ಹಾಕಬೇಕು. ಇನ್ನೊಂದು, ಅಪ್ಪಟ ಅಲ್ಯೂಮಿನಿಯಂ ಟೈಟನೇಟ್ 750ರಿಂದ 1280 ಡಿಗ್ರಿಯ ನಡುವೆ ಬಹಳ ಹೊತ್ತು ಇದ್ದರೆ ಮತ್ತೆ ಅಲ್ಯೂಮಿನಾ, ಟೈಟಾನಿಯಾಗಳಾಗಿ ಒಡೆಯುತ್ತದೆ. ಮೆಗ್ನೀಸಿಯಾ, ಕಬ್ಬಿಣದ ಆಕ್ಸೈಡ್, ಸಿಲಿಕಾ ಸ್ವಲ್ಪ ಸೇರಿಸಿದರೆ ನಿಲ್ಲುತ್ತದೆ. ಮುಲೈಟ್, ಸ್ಟ್ರಾಂಷಿಯಂ ಫೆಲ್ಡ್‌ಸ್ಪಾರ್ ಎಂಬ ಬೇರೆ ಹರಳುಗಳ ಜೊತೆ ಬೆರೆಸಿ ಗಟ್ಟಿಗೊಳಿಸಿದ ಇಂಥ ಫಿಲ್ಟರ್ 2005ರ ಹೊತ್ತಿಗೆ ಯುರೋಪಿನ ಕಾರುಗಳಿಗಾಗಿ ಮಾರುಕಟ್ಟೆಗೆ ಬಂತು. ತುಂಡು ತುಂಡು ಅಂಟಿಸದೆ ಒಂದೇ ದಿಮ್ಮಿಯಾಗಿ ಮಾಡಬಹುದು ಎಂಬುದೇ ಅದರ ದೊಡ್ಡ ಲಾಭ.

ರಂಧ್ರ ಜಾಸ್ತಿ ಮಾಡಿದರೆ ಬ್ಯಾಕ್ ಪ್ರೆಶರ್ ಕಡಿಮೆಯಾಗುತ್ತೆ. ಹಾಗಿದ್ದರೆ 50 ಯಾಕೆ, 80 ಪರ್ಸೆಂಟ್ ಮಾಡಬಹುದಲ್ಲ?

ಬ್ಯಾಕ್ ಪ್ರೆಶರ್ ಅಂದರೆ ಫಿಲ್ಟರ್ ಹೊಗೆಯನ್ನು ತಡೆಯುವುದರಿಂದ ಎಂಜಿನ್ ಕಡೆಗೆ ಹುಟ್ಟುವ ಒತ್ತಡ. 80 ಮಾಡಬಹುದು, ಆದರೆ ಕೈಯಲ್ಲಿ ಹಿಡಿದರೆ ಬ್ರೆಡ್ಡಿನಂತೆ ಪುಡಿಯಾಗುತ್ತದೆ. ಬಿಸಿ ಹೀರುವ ಮಣ್ಣೂ ಕಡಿಮೆಯಾಗಿ ರೀಜನ್ನಿನಲ್ಲಿ ಕರಗುತ್ತದೆ. ಸಾಮಾನ್ಯವಾಗಿ 45ರಿಂದ 65ರೊಳಗೆ ನಿಲ್ಲುತ್ತೇವೆ. ಗೋಡೆಗೆ ವೇಗವರ್ಧಕದ ಲೇಪ ಹೆಚ್ಚು ಹಾಕುವುದಿದ್ದರೆ ಮೇಲಿನ ತುದಿ, ಲೇಪ ಇಲ್ಲದಿದ್ದರೆ ಕೆಳಗಿನ ತುದಿ.

ಎಷ್ಟು ಖಾಲಿ ಎಂಬುದಕ್ಕಿಂತ ಎಂಥ ಖಾಲಿ ಎಂಬುದು ದೊಡ್ಡ ಮಾತು. ರಂಧ್ರಗಳು 10-20 ಮೈಕ್ರಾನಿನ ಒಳಗೆ, ಒಂದೇ ಅಳತೆಯವಾಗಿರಬೇಕು. 5ಕ್ಕಿಂತ ಸಣ್ಣವು ಗಾಳಿಗೆ ಅಡ್ಡ, 30 ದಾಟಿದವು ಮಸಿಯನ್ನು ಬಿಟ್ಟುಬಿಡುತ್ತವೆ. ಗಂಜಿಕಣದ ಗಾತ್ರ ನೋಡಿ ಆರಿಸುವುದು ಇದಕ್ಕೇ. ಅಜ್ಜಿ ಹರವಿಯ ಮಣ್ಣಿಗೆ ಭತ್ತದ ಹೊಟ್ಟನ್ನು ಹಾಗೇ ಹಾಕುತ್ತಿರಲಿಲ್ಲ, ಜರಡಿ ಹಿಡಿದು ಹಾಕುತ್ತಿದ್ದಳು. ನೀರು ತಣ್ಣಗಾಗಬೇಕು, ಸೋರಬಾರದು. ನಾನು ಮಾಡುವುದೂ ಅದನ್ನೇ, ಗಾಳಿ ಹೋಗಬೇಕು, ಮಸಿ ಹೋಗಬಾರದು. ಈ ಕಸುಬಿನಲ್ಲಿ ನಾವು ನಿಜವಾಗಿ ಕಡೆಯುವುದು ಖಾಲಿ ಜಾಗವನ್ನು, ಮಣ್ಣು ಅದರ ಸುತ್ತ ನಿಲ್ಲುವ ಚೌಕಟ್ಟು.

## ಸಂಶೋಧನೆಗೆ ಇಳಿಯುವವರಿಗೆ

ಲ್ಯಾಬಿನಲ್ಲಿ ಎಲ್ಲ ಪರೀಕ್ಷೆ ದಾಟಿದ ತುಂಡು ಎಂಜಿನ್ ಮೇಲೆ ಒಂದೇ ದಿನದಲ್ಲಿ ಕರಗಿಹೋಯಿತು. ಎಲ್ಲಿ ತಪ್ಪಿದೆವು?

ಹೆಚ್ಚಿನ ಸಲ ತಪ್ಪು ಒಂದೇ ಕಡೆ ಇರುತ್ತದೆ. ರೀಜನ್ ಜೋರಾಗಿ ನಡೆದಿರುವಾಗ ಚಾಲಕ ಕಾಲು ತೆಗೆದು ಎಂಜಿನ್ನನ್ನು ಐಡಲ್‌ಗೆ ಇಳಿಸಿದರೆ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಿರುವುದಿಲ್ಲ. ಐಡಲ್‌ನಲ್ಲಿ ಹೊಗೆಯ ಆಮ್ಲಜನಕ ಏರುತ್ತದೆ, ಬಿಸಿಯನ್ನು ಹೊತ್ತೊಯ್ಯುವ ಹರಿವು ಇಳಿಯುತ್ತದೆ. ಕುಲುಮೆಗೆ ತಿದಿ ಒತ್ತಿ ಹೊಗೆಗಿಂಡಿ ಮುಚ್ಚಿದಂತೆ.

ಲೆಕ್ಕ ಹಾಕಿ ನೋಡಿ. ಮೂರು ಲೀಟರಿನ ಫಿಲ್ಟರ್, ಲೀಟರಿಗೆ 6 ಗ್ರಾಂ ಮಸಿ, ಒಟ್ಟು 18 ಗ್ರಾಂ. ಒಂದು ಗ್ರಾಂ ಮಸಿ ಉರಿದರೆ ಸುಮಾರು 33 ಕಿಲೋಜೂಲ್, ಹೀಗಾಗಿ 600 ಕಿಲೋಜೂಲಿನ ಹತ್ತಿರ. ಕೊಡದ ಎರಡು ಲೀಟರ್ ನೀರನ್ನು ಕುದಿಬಿಸಿಗೆ ತರುವಷ್ಟು. ಅಷ್ಟು ಬಿಸಿ ಒಂದೂವರೆ ಕಿಲೋ ತೂಕದ ಮಣ್ಣಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಸೇರಿದರೆ 350 ಡಿಗ್ರಿಗೂ ಹೆಚ್ಚು ಏರಿಕೆ. 600ರಿಂದ ಶುರುವಾದದ್ದು 950 ದಾಟಿತು. ಮಸಿ ಎಲ್ಲ ಕಡೆ ಸಮನಾಗಿ ಹರಡಿದ್ದರೆ ಇದು. ನಿಜದಲ್ಲಿ ಹಿಂದಿನ ತುದಿಯ ನಡುಭಾಗದಲ್ಲಿ ಬಿಸಿ ಕೂಡುತ್ತದೆ, ಮುಂದೆ ಉರಿದ ಬಿಸಿಯೂ ಗಾಳಿಯ ಜೊತೆ ಅಲ್ಲಿಗೇ ಬರುತ್ತದೆ. ಅಲ್ಲಿ ಬೂದಿಯೂ ಇದ್ದರೆ ಅದರ ಕ್ಷಾರಗಳು ಕಾರ್ಡಿಯರೈಟಿನ ಕರಗುವ ಬಿಸಿಯನ್ನು ಇನ್ನೂ ಕೆಳಗೆ ತರುತ್ತವೆ. ಒಡೆದ ಫಿಲ್ಟರ್ ಕೈಗೆ ಬಂದರೆ ಮೊದಲು ಹಿಂದಿನ ಮುಖ ನೋಡಿ. ನಡುವೆ ಗಾಜಿನಂತೆ ಕರಗಿದ ಗುಳಿಯಿದ್ದರೆ ಇದೇ ಕಥೆ. ಅಡ್ಡಕ್ಕೆ ಉಂಗುರದಂತೆ ಸೀಳಿದ್ದರೆ ಬಿಸಿಯ ಏರಿಳಿತದ ಪೆಟ್ಟು.

ಎಂ.ಟೆಕ್ ಪ್ರಾಜೆಕ್ಟ್‌ಗೆ ಹೊಸ ಮಿಶ್ರಣ ಮಾಡಿದ್ದೇವೆ. ಯಾವ ಅಳತೆಗಳನ್ನು ಮೊದಲು ತೆಗೆಯಬೇಕು?

ಮೊದಲು ಎಕ್ಸ್-ರೇ ಡಿಫ್ರ್ಯಾಕ್ಷನ್. ಬೇಕಾದ ಹರಳು ಹುಟ್ಟಿದೆಯೋ ಇಲ್ಲವೋ ತಿಳಿಯದೆ ಬಾಕಿ ಏನನ್ನು ಅಳೆದರೂ ವ್ಯರ್ಥ. ಆಮೇಲೆ ಪಾದರಸ ಒತ್ತುವ ಪೊರೋಸಿಮೀಟರಿನಲ್ಲಿ ರಂಧ್ರಗಳ ಹಂಚಿಕೆ, ಡೈಲಾಟೋಮೀಟರಿನಲ್ಲಿ ಹಿಗ್ಗು, ನಾಲ್ಕು ಬಿಂದುಗಳ ಮೇಲೆ ಬಾಗಿಸಿ ಬಲ. ಬಲವನ್ನು ಸ್ಥಿತಿಸ್ಥಾಪಕತೆಯ ಗುಣಾಂಕ ಮತ್ತು ಹಿಗ್ಗಿನ ಗುಣಲಬ್ಧದಿಂದ ಭಾಗಿಸಿ. ಆ ಒಂದು ಅಂಕಿ ನಿಮ್ಮ ವಸ್ತು ಎಷ್ಟು ಡಿಗ್ರಿಯ ಏರಿಳಿತ ತಾಳೀತೆಂಬ ಅಂದಾಜು ಕೊಡುತ್ತದೆ. ಬಲ ಹೆಚ್ಚಿದೆ ಎಂದು ಹಿಗ್ಗುವವರನ್ನು ಬಹಳ ಕಂಡಿದ್ದೇನೆ. ಬಿರುಕಿಲ್ಲದೆ ಬಲ ಹೆಚ್ಚಿದ್ದರೆ ಸ್ಥಿತಿಸ್ಥಾಪಕತೆಯೂ ಹಿಗ್ಗೂ ಏರಿ ಒಟ್ಟಿನಲ್ಲಿ ನಷ್ಟವಾಗಿರಬಹುದು. ಎಲ್ಲವನ್ನೂ ಗಟ್ಟಿ ಬಿಲ್ಲೆಯ ಮೇಲೆ ಅಳೆದು ಬರೆಯಬೇಡಿ, ಒತ್ತಿ ತೆಗೆದ ಗೋಡೆಯ ಮೇಲೆ ಅಳೆಯಿರಿ. ಬಿಲ್ಲೆಯಲ್ಲಿ ಹರಳುಗಳ ಸಾಲು ಇರುವುದಿಲ್ಲ, ಅಂಕಿ ಬೇರೆಯೇ ಬರುತ್ತದೆ.

ನಮ್ಮ ನಾಡಿನ ಕಚ್ಚಾವಸ್ತುಗಳಿಂದಲೇ ಮಾಡಲು ಸಾಧ್ಯವಿಲ್ಲವೇ?

ಸಾಧ್ಯ, ಆಗಬೇಕಾದದ್ದೂ ಹೌದು. ಬೆಳಗಾವಿಯ ಹಿಂಡಾಲ್ಕೋ ಘಟಕ ಸೆರಾಮಿಕ್ ಕೆಲಸಕ್ಕೆ ಒಗ್ಗುವ ವಿಶೇಷ ಅಲ್ಯೂಮಿನಾ ಮಾಡುತ್ತದೆ. ರಾಜಸ್ಥಾನದಲ್ಲಿ ಟಾಲ್ಕ್, ಕೇರಳ ಗುಜರಾತಿನಲ್ಲಿ ಕಯೋಲಿನ್, ಕೇರಳದ ಕಡಲ ಮರಳಿನಲ್ಲಿ ಟೈಟಾನಿಯಂ ಇವೆ. ಸಿಲಿಕಾನ್ ಕಾರ್ಬೈಡ್ ಪುಡಿ ದೇಶದಲ್ಲೇ ತಯಾರಾಗುತ್ತದೆ. ತೊಡಕು ಇರುವುದು ಶುದ್ಧತೆಯಲ್ಲಿ, ಮತ್ತು ಗುಣ ಸದಾ ಒಂದೇ ತೆರನಾಗಿ ಇರುವುದರಲ್ಲಿ. ಸೋಡಿಯಂ, ಪೊಟಾಸಿಯಂ, ಕ್ಯಾಲ್ಸಿಯಂ ಸ್ವಲ್ಪ ಹೆಚ್ಚಿದರೂ ಹರಳಿನ ಬದಲು ಗಾಜು ಹುಟ್ಟಿ ಹಿಗ್ಗು ಏರುತ್ತದೆ. ಈ ತಿಂಗಳ ಚೀಲಕ್ಕೂ ಮುಂದಿನ ತಿಂಗಳ ಚೀಲಕ್ಕೂ ಕಣದ ಗಾತ್ರ ಬದಲಾದರೆ ಅಚ್ಚಿನಿಂದ ಹೊರಬರುವ ಗೋಡೆಯೇ ಅಲೆಯಾಗುತ್ತದೆ. ಗಣಿಯಿಂದ ಹಿಡಿದು ಜರಡಿಯ ತನಕ ಒಂದು ಶಿಸ್ತು ಕಟ್ಟುವುದು ಹೊಸ ವಸ್ತು ಕಂಡುಹಿಡಿಯುವುದಕ್ಕಿಂತ ಕಡಿಮೆ ಕೆಲಸವಲ್ಲ.

ಎಲ್ಲ ಗಾಡಿ ಬ್ಯಾಟರಿಗೆ ಹೋಗ್ತಾ ಇವೆ. ಈ ವಿಷಯ ಓದಿ ಏನು ಪ್ರಯೋಜನ?

ಡೀಸೆಲ್ ಕಾರು ಕಡಿಮೆಯಾಗುತ್ತಿರುವುದು ನಿಜ. ಆದರೆ ಜೆಸಿಬಿ, ದೊಡ್ಡ ಲಾರಿ, ಆಸ್ಪತ್ರೆಯ ಜನರೇಟರ್ ನಾಳೆಯೇ ಬ್ಯಾಟರಿಗೆ ಹೋಗುವುದಿಲ್ಲ. ಜನರೇಟರ್‌ಗಳಿಗೆ 2023ರ ಜುಲೈಯಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ-4 ಪ್ಲಸ್ ಎಂಬ ಹೊಗೆ ನಿಯಮ ಬಂದಿದೆ. ಪುಣೆಯ ಎಂಜಿನ್ ಕಾರ್ಖಾನೆಗಳಲ್ಲಿ ಆ ಕೆಲಸ ದೊಡ್ಡದಾಗಿ ನಡೆದಿದೆ. ನೇರ ಇಂಜೆಕ್ಷನ್ನಿನ ಪೆಟ್ರೋಲ್ ಎಂಜಿನ್ನಿಗೂ ಕಣಗಳ ಎಣಿಕೆಯ ಮಿತಿ ಇದೆ, ಅದಕ್ಕೂ ಇದೇ ಕಾರ್ಡಿಯರೈಟ್ ಫಿಲ್ಟರ್. ಅಲ್ಲದೆ ರಂಧ್ರವಿರುವ, ಬಿಸಿಗೆ ಒಡೆಯದ ಸೆರಾಮಿಕ್ ಮಾಡಲು ಕಲಿತವರಿಗೆ ಕರಗಿದ ಲೋಹ ಸೋಸುವುದು, ಕಾರ್ಖಾನೆಯ ಬಿಸಿಗಾಳಿ ಸೋಸುವುದು ಹೊಸ ವಿದ್ಯೆಯಲ್ಲ.

ಕುಂಬಾರ ಮನೆತನದ ಹುಡುಗ ನಾನು, ಡಿಪ್ಲೊಮಾ ಆಗಿದೆ. ಪುಣೆಯಲ್ಲಿ ಇಂಥ ಕೆಲಸಕ್ಕೆ ಎಲ್ಲಿಂದ ಶುರು ಮಾಡಲಿ?

ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಮಣ್ಣಿನ ಹದ, ಗ್ಲೇಜು, ಆವಿಗೆಯ ಬಿಸಿ ಅಳೆಯುವುದು ಅಲ್ಲಿ ಕೈಗೆ ಹತ್ತುತ್ತದೆ. ಪುಣೆಗೆ ಬಂದ ಮೇಲೆ ಪಾಷಾಣ ಬಡಾವಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ವೇಗವರ್ಧಕಗಳ ಕೆಲಸ ನಡೆಯುತ್ತದೆ. 1966ರಲ್ಲಿ ಶುರುವಾದ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆ ವೇತಾಳ ಟೇಕಡಿ ಎಂಬ ಗುಡ್ಡದ ಮೇಲಿದೆ, ವಾಹನಗಳ ಹೊಗೆಯನ್ನು ಅಳೆದು ಪ್ರಮಾಣಪತ್ರ ಕೊಡುವ ಕೆಲಸ ಅಲ್ಲಿ ನಡೆಯುತ್ತದೆ. ಭೋಸರಿ, ಚಾಕಣ ಕಡೆಯ ಎಕ್ಸಾಸ್ಟ್ ಕಾರ್ಖಾನೆಗಳಿಗೆ ಡಿಪ್ಲೊಮಾ ಹುಡುಗರು ಬೇಕಾಗುತ್ತಲೇ ಇರುತ್ತಾರೆ. ಮೊದಲ ಕೆಲಸ ಫಿಲ್ಟರನ್ನು ಡಬ್ಬಿಗೆ ಕೂರಿಸುವುದೇ ಆಗಿದ್ದರೂ ಸೇರಿಕೊ. ದಿನಕ್ಕೆ ನೂರು ದಿಮ್ಮಿ ಕೈಯಲ್ಲಿ ಹಿಡಿದರೆ ಬೆರಳಿನಿಂದ ತಟ್ಟಿ ಸದ್ದಿನಲ್ಲೇ ಬಿರುಕು ಹೇಳಬಲ್ಲೆ. ನಿಮ್ಮ ಮನೆಯಲ್ಲಿ ಮಡಕೆ ಕೊಳ್ಳಲು ಬಂದವರು ತಟ್ಟಿ ನೋಡುತ್ತಿದ್ದರಲ್ಲ, ಹಾಗೆಯೇ. ಸಂದರ್ಶನಕ್ಕೆ ಬರುವಾಗ ನೀನೇ ಸುಟ್ಟ ಒಂದು ತುಂಡನ್ನು ಜೊತೆಗೆ ತಾ.